ಮೂರನೆಯ ಗಂಟು

ಮೊದಲೇ ಹೇಳಿಬಿಡುತ್ತೇನೆ, ಇಂಥದ್ದನ್ನೆಲ್ಲ ನಂಬುವವಳು ನಾನಲ್ಲ. ಹದಿನಾರು ವರ್ಷ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ನರ್ಸಾಗಿ ದುಡಿದವಳು. ದೃಷ್ಟಿ ತೆಗೆಯುವುದು, ಅಂತ್ರ ಕಟ್ಟುವುದು, ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುವುದು ಕಂಡರೆ ನನಗೆ ಮೈ ಉರಿಯುತ್ತಿತ್ತು. ಯಾರಾದರೂ ತಮಗಾದ ವಿಚಿತ್ರ ಅನುಭವ ಹೇಳಲು ಬಾಯಿ ತೆಗೆದರೆ ಎದ್ದು ಹೋಗುತ್ತಿದ್ದೆ. ಈಗ ನಾನೇ ಹೇಳಲು ಕೂತಿದ್ದೇನೆ. ನೀವು ಎದ್ದು ಹೋದರೆ ನನಗೇನೂ ಬೇಸರವಿಲ್ಲ. ಅಂದಹಾಗೆ ಇದು ಅಮಾವಾಸ್ಯೆಯ ರಾತ್ರಿ ನಡೆದದ್ದೂ ಅಲ್ಲ, ಮಟಮಟ ಮಧ್ಯಾಹ್ನ ನಡೆದದ್ದು.

ಎರಡನೆಯ ಮಹಾಯುದ್ಧದ ಕಾಲ. ಆಗ ನಾನು ನರ್ಸ್ ಕೆಲಸ ಬಿಟ್ಟು ಜಿಲ್ಲಾ ಬೋರ್ಡಿನ ಮೆಂಬರಾಗಿದ್ದೆ. ಒಬ್ಬಳಾದರೂ ಹೆಂಗಸು ಇರಲಿ ಎಂದು ಮೇಲಿನವರು ನೇಮಿಸಿದ್ದು; ನನಗೆ ಯಾರೂ ವೋಟು ಹಾಕಿರಲಿಲ್ಲ. ಉಳಿದ ಮೆಂಬರುಗಳು ರಸ್ತೆ, ಸೇತುವೆ, ಸಂತೆ ಮೈದಾನಗಳನ್ನು ತಮ್ಮತಮ್ಮಲ್ಲೇ ಹಂಚಿಕೊಂಡು, ಯಾರಿಗೂ ಬೇಡವಾದ ಆರೋಗ್ಯ ಸಮಿತಿಯನ್ನು ನನ್ನ ತಲೆಗೆ ಕಟ್ಟಿದರು. ಹೆರಿಗೆ, ಕಾಲರಾ ಎಂಬ ಮಾತು ಸಭೆಯಲ್ಲಿ ಬಂದರೆ ಆ ಮಹನೀಯರು ಎಲೆಅಡಿಕೆ ಡಬ್ಬಿ ತೆಗೆಯುತ್ತಿದ್ದರು. ಅದರಲ್ಲೂ ದೊಡ್ಡಬಳ್ಳಾಪುರದ ಉತ್ತರಕ್ಕೆ, ಸಾಸಲಿನಿಂದಾಚೆ ಗುಡ್ಡಗಳ ಮಗ್ಗುಲಲ್ಲಿದ್ದ ಹಳ್ಳಿಗಳೆಂದರೆ ಯಾರಿಗೂ ಬೇಕಿರಲಿಲ್ಲ. ಅಲ್ಲಿ ವೋಟಿದ್ದವರು ಬೆರಳೆಣಿಕೆ, ಹೋಗಲು ದಾರಿಯೂ ನೆಟ್ಟಗಿರಲಿಲ್ಲ.

ಅಂಥ ಒಂದು ಹಳ್ಳಿಯಲ್ಲಿ ಬೋರ್ಡಿನ ಹೆರಿಗೆ ಕೇಂದ್ರವಿತ್ತು. ಊರಿನ ಹೆಸರು ಹೇಳುವುದಿಲ್ಲ. ಕೇಂದ್ರವೆಂದರೆ ಒಂದು ಕೋಣೆ, ಒಂದು ಬೀರು, ಒಬ್ಬಳು ಮಿಡ್‌ವೈಫ್. ನಮ್ಮ ಅಧ್ಯಕ್ಷರ ಸೊಸೆ ಆಗ ತುಂಬಿದ ಬಸುರಿ. ಪಟ್ಟಣದಲ್ಲಿ ಆಗಲೇ ಇಬ್ಬರು ಮಿಡ್‌ವೈಫ್‌ಗಳಿದ್ದರೂ ಅಧ್ಯಕ್ಷರಿಗೆ ಮೂರನೆಯವಳು ಬೇಕಾಗಿತ್ತು, ಅದೂ ತಮ್ಮ ಮನೆಯ ಎದುರಿಗೇ. ನನಗೆ ಉಪಾಧ್ಯಕ್ಷೆಯ ಕುರ್ಚಿ ಬೇಕಾಗಿತ್ತು. ಇಬ್ಬರಿಗೂ ಬೇಗ ಮಾತು ಕುದುರಿತು. ನಾನು ಬಾಯಿಮಾತಿನಲ್ಲೇ ಆ ಮಿಡ್‌ವೈಫನ್ನು ಪಟ್ಟಣಕ್ಕೆ ಕರೆಸಿಕೊಂಡೆ. ಆ ಹುದ್ದೆಯನ್ನೇ ಅಲ್ಲಿಂದ ಶಾಶ್ವತವಾಗಿ ಎತ್ತಿಬಿಡಲು ಒಂದು ವರದಿ ಬರೆದೆ. "ಖುದ್ದಾಗಿ ಹೋಗಿ ನೋಡಿದೆ, ಅಲ್ಲಿನ ಹೆಂಗಸರಿಗೆ ಕೇಂದ್ರದ ಉಪಯೋಗವಿಲ್ಲ" ಎಂದು ಅದರಲ್ಲಿತ್ತು. ಬರೆದಾಗ ನಾನು ಆ ಊರಿನ ಕಡೆ ತಲೆಯನ್ನೂ ಹಾಕಿರಲಿಲ್ಲ. ಬರೆದದ್ದು ಸುಳ್ಳಾಗಬಾರದಲ್ಲ, ಅದಕ್ಕೇ ಆಮೇಲೆ ನೋಡಲು ಹೊರಟೆ. ರಾಜಕೀಯಕ್ಕೆ ಬಂದು ವರ್ಷವಾಗಿರಲಿಲ್ಲ, ಆಗಲೇ ಎಷ್ಟು ಕಲಿತಿದ್ದೆ ನೋಡಿ.

ವರದಿಯ ಫೈಲನ್ನು ಬಟ್ಟೆಯ ಟೇಪಿನಿಂದ ಕಟ್ಟಿ ಎರಡು ಗಂಟು ಹಾಕಿಟ್ಟಿದ್ದೆ. ಹೊರಟ ದಿನ ಬೆಳಿಗ್ಗೆ ದೊಡ್ಡಬಳ್ಳಾಪುರದಲ್ಲಿ ಬಸ್ಸು ಹತ್ತುವ ಮುಂಚೆ, ಅಲ್ಲಾಡಿದರೆ ಬಿಚ್ಚಿಕೊಂಡೀತೆಂದು ಮೇಲೊಂದು ಗಂಟು ಬಿಗಿದೆ. ಅದನ್ನು ಹೆರಿಗೆಯ ಸಾಮಾನಿದ್ದ ನನ್ನ ಹಳೆಯ ಚರ್ಮದ ಚೀಲದ ತಳಕ್ಕೆ ಹಾಕಿ ಮೇಲೆ ಸೀರೆ ಮುಚ್ಚಿದೆ. ಜೊತೆಗೆ ಯಾರೂ ಇರಲಿಲ್ಲ. ಪೆಟ್ರೋಲಿಗೆ ಬರವಾದ್ದರಿಂದ ಸಾಸಲಿನವರೆಗೆ ಇದ್ದಿಲು ಗ್ಯಾಸಿನ ಬಸ್ಸು, ಅಲ್ಲಿಂದ ಮುಂದೆ ಎತ್ತಿನ ಗಾಡಿ.

ಊರು ಸೇರಿದಾಗ ಸೂರ್ಯ ನೆತ್ತಿಯ ಮೇಲಿದ್ದ. ಮೊದಲು ಕಂಡದ್ದು ನಮ್ಮ ಕೇಂದ್ರದ ಬಾಗಿಲು; ಬೀಗವನ್ನು ಕಲ್ಲಿನಿಂದ ಜಜ್ಜಿ ಒಡೆದಿದ್ದರು. ಬೋರ್ಡಿನ ಬೀಗ! ಕೂಗಾಡಲು ಆಳು ಹುಡುಕಿಕೊಂಡು ಪಕ್ಕದ ಮನೆಗೆ ಹೋದೆ. ಅಂಗಳದಲ್ಲಿ ಹಗ್ಗ ಬಿಚ್ಚಿದ ದನಗಳು ಮನಸ್ಸಿಗೆ ಬಂದಂತೆ ಅಡ್ಡಾಡುತ್ತಿದ್ದವು. ರಾಗಿ ವಾಡೆಗಳ ಮುಚ್ಚಳ ತೆಗೆದಿತ್ತು, ಪೆಟ್ಟಿಗೆಗಳು ಬಾಯಿ ತೆರೆದಿದ್ದವು, ಹೆಂಗಸರೆಲ್ಲ ತಲೆ ಬಿಚ್ಚಿಕೊಂಡು ನಿಂತಿದ್ದರು. ಕಳ್ಳರು ಬಿದ್ದಿರಬೇಕು ಅಂದುಕೊಂಡೆ.

"ಬೇನೆ ನಿಂತೋಗೈತೆ ಕಣ್ರವ್ವಾ," ಎಂದಳು ಮನೆಯ ಯಜಮಾನಿ ಸಾಕಮ್ಮ. "ನಮ್ ಸೊಸೆ ಲಕ್ಷ್ಮಿಗೆ ನೆನ್ನೆ ಸಂಜೆಯಿಂದ ಬೇನೆ. ಕಟ್ಟಿರೋದು, ಮುಚ್ಚಿರೋದು ಎಲ್ಲಾ ಬಿಚ್ಚಿದ್ದಾಯ್ತು. ನಿಮ್ ಬೀಗಾನೂ ಒಡೆದ್ವಿ."

ಹೆರಿಗೆ ತಡವಾದರೆ ಮನೆಯಲ್ಲಿ ಕಟ್ಟಿದ್ದನ್ನೆಲ್ಲ ಬಿಚ್ಚಬೇಕಂತೆ, ಆಗ ಹೊಟ್ಟೆಯೊಳಗಿನ ಕಟ್ಟೂ ಬಿಡುತ್ತದಂತೆ! ನನ್ನ ಮುಡಿಯನ್ನೂ ಬಿಚ್ಚಲು ಹೇಳಿದರು. ಕೈಗಡಿಯಾರದ ಪಟ್ಟಿಯನ್ನೂ ತೋರಿಸಿದರು. ನಾನು ಬೈದ ಬೈಗುಳವನ್ನು ಇಲ್ಲಿ ಬರೆಯುವುದಿಲ್ಲ. ಬಾಣಂತಿ ಕೋಣೆಯಲ್ಲಿ ಚೌಡಮ್ಮ ಎಂಬ ಕಣ್ಣಿಲ್ಲದ ಮುದುಕಿ ಲಕ್ಷ್ಮಿಯ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು, ಊರಿನ ಸೂಲಗಿತ್ತಿ. ಕೊಳಕು ಕೈ ತೆಗಿ ಎಂದು ಗದರಿ ಅವಳನ್ನು ಹೊರಗೆ ಜಗಲಿಗೆ ಅಟ್ಟಿದೆ. ಅವಳ ಕೈ ತೊಳೆದಿತ್ತು, ಉಗುರೂ ಕತ್ತರಿಸಿತ್ತು. ನೋಡಿಯೂ ಹಾಗೆ ಅಂದೆ.

ಪರೀಕ್ಷೆ ಮಾಡಿದೆ. ಮಗು ನೆಟ್ಟಗೇ ಇತ್ತು, ದಾರಿ ತೆರೆದಿತ್ತು. ಆದರೆ ನೋವು ಪೂರ್ತಿ ನಿಂತಿತ್ತು. ನೋವು ಬರಿಸುವ ಇಂಜೆಕ್ಷನ್ ಕೇಂದ್ರದ ಬೀರುವಿನಲ್ಲಿರಬೇಕಲ್ಲ ಎಂದು ಓಡಿದೆ. ಬೀರು ಬರಿದು. ಮಿಡ್‌ವೈಫ್ ಪಟ್ಟಣಕ್ಕೆ ಹೋಗುವಾಗ ಔಷಧಿಯನ್ನೆಲ್ಲ ಕೊಂಡುಹೋಗಿದ್ದಳು. ಕೊಂಡು ಬಾ ಎಂದಿದ್ದವಳು ನಾನೇ. ಬಸ್ಸು ಹೊರಟುಹೋಗಿತ್ತು. ಗಾಡಿಯಲ್ಲಿ ಆಸ್ಪತ್ರೆ ಸೇರುವಷ್ಟರಲ್ಲಿ ರಾತ್ರಿ ಕಳೆಯುತ್ತಿತ್ತು, ಅಷ್ಟು ಹೊತ್ತು ಆ ಹುಡುಗಿ ಬದುಕುತ್ತಿರಲಿಲ್ಲ.

ಗೊತ್ತಿದ್ದದ್ದೆಲ್ಲ ಮಾಡಿದೆ. ಎರಡು ಗಂಟೆ ಕಳೆಯಿತು. ಲಕ್ಷ್ಮಿಯ ನಾಡಿ ದಾರದಂತಾಯಿತು, ತುಟಿ ಬಿಳಿಚಿತು. ಮಗುವಿನ ಎದೆಬಡಿತ ನಿಧಾನವಾಗುತ್ತ ಬಂತು. ನನಗೆ ಭಯವಾಯಿತು. ಇವಳು ಸತ್ತರೆ ಕೊಂದವಳು ನಾನೇ ಎಂಬುದು ಆ ಕೋಣೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ಆಗ ಜಗಲಿಯಿಂದ ಚೌಡಮ್ಮ ಕೂಗಿದಳು. "ನರಸಮ್ಮಾ, ನಿನ್ ಚೀಲದಾಗೆ ಒಂದು ಕಟ್ಟು ಐತೆ. ಮೂರು ಗಂಟು. ಬಿಚ್ಚವ್ವಾ."

ಮೆಂಬರನ್ನು ಹಿಡಿದು ನರ್ಸಮ್ಮ ಎನ್ನುತ್ತಾಳಲ್ಲ ಎಂಬುದೇ ಮೊದಲು ಚುಚ್ಚಿತು. ಆಮೇಲೆ ಚೀಲದ ಕಡೆ ನೋಡಿದೆ. ಚೀಲದಿಂದ ಕತ್ತರಿ, ಹತ್ತಿ ತೆಗೆದಿದ್ದೆನೇ ಹೊರತು ಸೀರೆಯನ್ನು ಕದಲಿಸಿರಲಿಲ್ಲ. ಚೀಲ ಇಡೀ ಹೊತ್ತು ನನ್ನ ಮೊಣಕಾಲಿಗೆ ತಾಗಿಕೊಂಡೇ ಇತ್ತು. ಕೇಂದ್ರಕ್ಕೆ ಓಡಿದಾಗಲೂ ಕೈಯಲ್ಲೇ ಇತ್ತು.

"ಸುಮ್ನಿರಮ್ಮ," ಎಂದೆ.

ಸಾಕಮ್ಮ ನನ್ನ ಕಾಲು ಹಿಡಿದುಕೊಂಡಳು. "ಇರೋದೊಂದು ಸೊಸೆ ಕಣವ್ವಾ. ಬಿಚ್ಚಿಬುಡು. ನಿಂಗೇನೋಗ್ತದೆ?"

ಏನು ಹೋಗುತ್ತದೆಂದು ಅವಳಿಗೇನು ಗೊತ್ತು! ಔಷಧಿ ಹುಡುಕುವವಳಂತೆ ಗೋಡೆಯ ಕಡೆ ತಿರುಗಿ ಚೀಲಕ್ಕೆ ಕೈ ಹಾಕಿದೆ. ಹದಿನಾರು ವರ್ಷದ ವಿದ್ಯೆಗೆ ಒಂದು ಕುರುಡಿಯ ಮಾತಿನ ಮುಂದೆ ಇದೇ ಗತಿಯೇ ಎಂದು ನಾಚಿಕೆಯಾಗುತ್ತಿತ್ತು. ಬೆಳಿಗ್ಗೆ ಹಾಕಿದ ಮೇಲಿನ ಗಂಟು ಸುಲಭವಾಗಿ ಬಿಟ್ಟಿತು. ಹಿಂದಿನಿಂದ ಲಕ್ಷ್ಮಿ ಮೆಲ್ಲಗೆ ನರಳಿದಳು. ಎರಡನೆಯದು ಬಿಚ್ಚಿದೆ. ಅವಳು ಹಲ್ಲು ಕಚ್ಚಿ ಸಾಕಮ್ಮನ ತೋಳು ಹಿಡಿದಳು. ಮೂರನೆಯದು ಬೆವರಿಗೆ ಬಿಗಿದುಕೊಂಡು ಉಗುರಿಗೆ ಸಿಕ್ಕಲಿಲ್ಲ. ಸದ್ದಿಲ್ಲದೆ ಕತ್ತರಿ ತೆಗೆದುಕೊಂಡೆ.

"ಕತ್ತರಿಸಬ್ಯಾಡವ್ವಾ," ಎಂದಳು ಗೋಡೆಯ ಆಚೆಯಿಂದ ಚೌಡಮ್ಮ. "ನೀನೇ ಹಾಕಿದ್ದು, ಕೈಯಾಗೇ ಬಿಚ್ಚು."

ಹಲ್ಲಿನಿಂದ ಕಚ್ಚಿ ಬಿಚ್ಚಿದೆ. ಟೇಪು ಸಡಿಲವಾಗಿ ಕಾಗದಗಳು ಚೀಲದೊಳಗೆ ಹರಡಿಕೊಂಡವು. ಅಷ್ಟರಲ್ಲಿ ಲಕ್ಷ್ಮಿ ಮನೆ ಹಾರಿಹೋಗುವಂತೆ ಕೂಗಿದಳು. ನಾನು ತಿರುಗುವ ಹೊತ್ತಿಗೆ ಮಗುವಿನ ತಲೆ ಕಾಣುತ್ತಿತ್ತು. ಹೆಣ್ಣುಮಗು. ಹುಟ್ಟಿದ ಕೂಡಲೇ ಅಳದೆ ಒಂದು ಗಳಿಗೆ ಹೆದರಿಸಿ, ಆಮೇಲೆ ಅತ್ತಿತು. ತಾಯಿಯೂ ಉಳಿದಳು.

ನಿಂತ ನೋವು ತಾನಾಗಿಯೇ ಮತ್ತೆ ಬರುವುದುಂಟು. ನಾನೇ ಎಷ್ಟೋ ಸಲ ಕಂಡಿದ್ದೇನೆ. ಅದಕ್ಕೆ ಗಂಟು ಬೇಕಿಲ್ಲ, ಚೌಡಮ್ಮನೂ ಬೇಕಿಲ್ಲ. ಹೀಗೆ ನನಗೆ ನಾನೇ ಹೇಳಿಕೊಳ್ಳುತ್ತ ಕೈ ತೊಳೆದು ಜಗಲಿಗೆ ಬಂದೆ. ನನ್ನ ಚೀಲದಲ್ಲಿರುವುದು ನಿನಗೆ ಹೇಗೆ ಗೊತ್ತಾಯಿತು ಎಂದು ಜೋರು ಮಾಡಿ ಕೇಳಿದೆ. ಮುದುಕಿ ನಗಲೂ ಇಲ್ಲ, ಜಂಭವನ್ನೂ ಪಡಲಿಲ್ಲ.

"ನಂಗೇನ್ ಗೊತ್ತವ್ವಾ? ಲಕ್ಷ್ಮಿ ಹೊಟ್ಟೆ ಮ್ಯಾಲೆ ಕೈ ಇಕ್ಕಿದ್ನಲ್ಲ, ನೆನ್ನೆ ಎರಡು ಗಂಟು ಸಿಕ್ಕಿದ್ವು. ಇವತ್ತು ಹೊತ್ತುಟ್ಟಿದ್ ಮ್ಯಾಲೆ ಇನ್ನೊಂದು ಬಿತ್ತು. ಯಾರು ಹಾಕ್ತಾವ್ರೋ ತಿಳೀನಿಲ್ಲ. ನೀನು ಬಂದ್ ಕೂತ್ಕಂಡಾಗ ತಿಳೀತು." ಆಮೇಲೆ ಕೇಳಿದಳು: "ಅದೇನು ಕಾಗದ ನರಸಮ್ಮಾ?"

ನಾನು ಚೀಲದ ಬಾಯಿ ಮುಚ್ಚಿದೆ. ಮಜ್ಜಿಗೆ ಕುಡಿದು ಹೋಗೆಂದು ಸಾಕಮ್ಮ ಕರೆಯುತ್ತಿದ್ದಂತೆಯೇ ಗಾಡಿ ಹತ್ತಿದೆ.

ಮುಂದೆ ನಾನು ಆ ವರದಿಯನ್ನು ಹರಿದುಹಾಕಿದೆ ಎಂದು ನೀವು ಅಂದುಕೊಂಡಿದ್ದರೆ, ನಿಮಗೆ ರಾಜಕೀಯ ಗೊತ್ತಿಲ್ಲ. ಮುಂದಿನ ವಾರ ಸಭೆಯಲ್ಲಿ ಅದನ್ನೇ ಅಧ್ಯಕ್ಷರ ಮುಂದಿಟ್ಟೆ. ಹಾಳೆಗಳು ಬಿಡಿಬಿಡಿಯಾಗಿದ್ದವು, ಗುಮಾಸ್ತೆ ಬೇರೊಂದು ಟೇಪು ತಂದು ಅಚ್ಚುಕಟ್ಟಾಗಿ ಕಟ್ಟಿಕೊಟ್ಟ. ಯಾರೂ ಓದಲಿಲ್ಲ, ಎಲ್ಲರೂ ಒಪ್ಪಿದರು. ಅಧ್ಯಕ್ಷರಿಗೆ ಮೊಮ್ಮಗ ಹುಟ್ಟಿದ. ನಾನು ಉಪಾಧ್ಯಕ್ಷೆಯಾದೆ. ಹಾರ ಹಾಕಿದರು, ಭಾಷಣ ಮಾಡಿದರು, ನಾನೂ ಮಾಡಿದೆ.

ಮುದುಕಿ ನನ್ನ ಗಂಟುಗಳನ್ನು ಹೇಗೆ ಎಣಿಸಿದಳೆಂದು ಎಷ್ಟು ಯೋಚಿಸಿದರೂ ಇವತ್ತಿಗೂ ಬಗೆಹರಿದಿಲ್ಲ. ಡಾಕ್ಟರೊಬ್ಬರಿಗೆ ಹೇಳಿದೆ, ನಕ್ಕರು. ಅವರ ಜಾಗದಲ್ಲಿ ನಾನಿದ್ದರೂ ನಗುತ್ತಿದ್ದೆ. ಚೌಡಮ್ಮ ಮುಂದಿನ ಚಳಿಗಾಲದಲ್ಲೇ ತೀರಿಕೊಂಡಳೆಂದು ಆ ಕಡೆಯ ಶಾನುಭೋಗರು ಯಾವುದೋ ಮಾತಿನ ನಡುವೆ ಹೇಳಿದರು. ಅಂದಮೇಲೆ ಆ ಊರಿನಲ್ಲಿ ಹೆರಿಗೆ ನೋಡಲು ಯಾರೂ ಉಳಿಯಲಿಲ್ಲ. ಲಕ್ಷ್ಮಿಗೆ ಆಗ ಹದಿನೆಂಟೋ ಹತ್ತೊಂಬತ್ತೋ ಇರಬೇಕು. ಒಂದೇ ಮಗುವಿಗೆ ನಿಲ್ಲುವ ವಯಸ್ಸಲ್ಲ. ಅವಳು ಮತ್ತೆ ಬಸುರಾದಳೇ, ಆಗ ಏನಾಯಿತು ಎಂದು ಶಾನುಭೋಗರನ್ನು ಕೇಳಬಹುದಾಗಿತ್ತು. ಅವರು ನನ್ನ ಎದುರಿಗೇ ಕೂತು ಕಾಫಿ ಕುಡಿಯುತ್ತಿದ್ದರು. ನಾನು ಕೇಳಲಿಲ್ಲ.