ಡಾಕ್ಟ್ರಮ್ಮನ ಕಾರಿನ ಗೇರ್‌ಬಾಕ್ಸು

ಹಳೆಯ ಗೇರ್ ಆಯಿಲ್ಲಿಗೆ ಒಂದು ವಾಸನೆಯಿದೆ, ಕಮಟು ಹಿಡಿದ ಬೆಳ್ಳುಳ್ಳಿಯಂಥದು. ಮೊನ್ನೆ ಶ್ರೀರಂಗಪಟ್ಟಣದ ಗ್ಯಾರೇಜೊಂದರಲ್ಲಿ ಅದು ಮೂಗಿಗೆ ಬಡಿಯಿತು. ಎಷ್ಟೋ ವರ್ಷಗಳ ಹಿಂದೆ, ತುಂಬು ಬಸುರಿನ ಹೊಟ್ಟೆ ಹಿಡಿದುಕೊಂಡು ಇದೇ ಫಿಯಟ್ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿದ್ದಾಗಲೂ ಇದೇ ವಾಸನೆ...

ಕಾರು ಕೆ.ಆರ್. ಪೇಟೆಯ ನಮ್ಮ ಡಾಕ್ಟ್ರಮ್ಮನದು. ಅವರು ತೀರಿಕೊಂಡ ಮೇಲೆ ಅವರ ಅಣ್ಣನ ಮಗ ಅದನ್ನು ಜೋಪಾನವಾಗಿ ಇಟ್ಟುಕೊಂಡಿದ್ದ. ಮೈಸೂರಿನಲ್ಲಿ ಹಳೇ ಕಾರುಗಳ ಪ್ರದರ್ಶನಕ್ಕೆ ಒಯ್ಯುವ ಆಸೆ ಅವನಿಗೆ. ಅಲ್ಲಿ ಸ್ಪರ್ಧೆಗೆ ನಿಲ್ಲಬೇಕಾದರೆ ಕಾರಿನ ಮುಖ್ಯ ಭಾಗಗಳೆಲ್ಲ ಮೂಲದವೇ ಆಗಿರಬೇಕಂತೆ. ಇಂಜಿನ್ನಿನ ನಂಬರು ಆರ್‌ಸಿ ಪುಸ್ತಕಕ್ಕೆ ತಾಳೆಯಾಯಿತು. ಗೇರ್‌ಬಾಕ್ಸಿನ ವಿಷಯ ಅದರಲ್ಲಿ ಇರಲಿಲ್ಲ. ತನ್ನ ಅತ್ತೆಯನ್ನು ಬಲ್ಲವರಲ್ಲಿ ಉಳಿದವಳು ನಾನೊಬ್ಬಳೇ ಎಂದು ಪಾಂಡವಪುರದಿಂದ ನನ್ನನ್ನು ಕರೆಸಿಕೊಂಡಿದ್ದ.

ಮೆಕ್ಯಾನಿಕ್ಕು ಕಾರಿನ ಕೆಳಗೆ ತೂರಿ, ಗೇರ್‌ಬಾಕ್ಸಿನ ಮೇಲಿನ ಜಿಡ್ಡನ್ನು ಉಜ್ಜಿ ತೆಗೆದು, ಎರಕದಲ್ಲೇ ಮೂಡಿದ್ದ ಅಂಕಿಗಳನ್ನು ಓದಿದ.

"ಇದು ಈ ಕಾರಿಂದಲ್ಲ ಸಾರ್. ಆಮೇಲೆ ಬಂದ ಗಾಡೀದು. ಕಾರಿನ ಕಾಲದ್ದೇ ಒಂದು ಹುಡುಕಿ ಕೂರುಸ್ಬುಡಣ, ಇದನ್ನ ಗುಜರಿಗೆ ಆಕಿ."

ಹುಡುಗನ ಮುಖ ಸಪ್ಪಗಾಯಿತು. "ಅತ್ತೆ ಇದರಲ್ಲಿ ಏನನ್ನೂ ಬದಲಾಯಿಸಿರಲಿಲ್ಲ ಅಂತ ಅಪ್ಪ ಹೇಳ್ತಿದ್ರು. ನಿಮಗೇನಾದ್ರೂ ಗೊತ್ತಾ ಅಮ್ಮ?"

ಗೊತ್ತಿತ್ತು. ನನಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತಿರಬೇಕು!

ಅಕ್ಕಿಹೆಬ್ಬಾಳಿನ ಹತ್ತಿರ ನನ್ನ ಗಂಡನ ಮನೆ. ಚೊಚ್ಚಲ ಹೆರಿಗೆ. ಬೆಳಗಿನಿಂದ ನೋವು ತಿಂದರೂ ಮಗು ಬರಲಿಲ್ಲ. ಅಡ್ಡ ಕೂತಿದೆ ಎಂದು ಸೂಲಗಿತ್ತಿ ಕೈಚೆಲ್ಲಿದಳು. ಅವತ್ತು ಯಾರನ್ನೋ ನೋಡಲು ಡಾಕ್ಟ್ರಮ್ಮ ಅಕ್ಕಿಹೆಬ್ಬಾಳಿಗೆ ಬಂದಿದ್ದರು. ಯಜಮಾನರು ಓಡಿಹೋಗಿ ಕರೆತಂದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ತಾವೇ ಕಾರು ಓಡಿಸುತ್ತಿದ್ದ ಹೆಂಗಸು ನಮ್ಮ ಸೀಮೆಯಲ್ಲಿ ಅವರೊಬ್ಬರೇ. ನನ್ನನ್ನು ಮುಟ್ಟಿ ನೋಡಿದವರೇ, "ಕಾರಿಗೆ ಹಾಕಿ" ಎಂದರು.

ಮಳೆಗಾಲ. ಕಬ್ಬಿನ ಗಾಡಿಗಳು ಕೊರೆದ ಜಾಡಿನಲ್ಲಿ ಕಾರು ಹೂತುಕೊಂಡಿತು. ಹಿಂದಕ್ಕೂ ಮುಂದಕ್ಕೂ ಜಗ್ಗಾಡಿ ಹೇಗೋ ಅದನ್ನು ಮೇಲೆತ್ತಿದರು. ಆದರೆ ಹೊಸಹೊಳಲು ತಲುಪುವಷ್ಟರಲ್ಲಿ ಒಳಗೆ ಏನೋ ಕಟಕಟ ಎಂದು ಮುರಿದು, ಆಯಿಲ್ಲು ಸೋರಿ ಕಾರು ನಿಂತುಬಿಟ್ಟಿತು. ಡಾಕ್ಟ್ರಮ್ಮ ಸ್ಟೀರಿಂಗ್ ಪಕ್ಕದ ಗೇರನ್ನು ಒಂದೊಂದಾಗಿ ಹಾಕಿ ನೋಡಿದರು. ಮುಂದಕ್ಕೆ ಹೋಗುವ ಯಾವುದೂ ಬೀಳಲಿಲ್ಲ. ರಿವರ್ಸ್ ಮಾತ್ರ ಬಿತ್ತು.

"ಹಿಂದಕ್ಕೇ ಹೋಗೋಣ. ಕಾರು ತಿರುಗಿಸ್ರಪ್ಪ" ಎಂದರು.

ಊರಿನ ಗಂಡಸರು ಕಾರನ್ನು ತಳ್ಳಿ, ಅದರ ಬೆನ್ನು ಕೆ.ಆರ್. ಪೇಟೆ ಕಡೆಗೆ ಬರುವಂತೆ ತಿರುಗಿಸಿದರು. ಯಜಮಾನರು ಯಾರದೋ ಸೈಕಲ್ಲು ಕಸಿದುಕೊಂಡು, "ಜರುಗ್ರಲಾ, ಜರುಗ್ರೀ!" ಎಂದು ಕೂಗುತ್ತ ದಾರಿ ಬಿಡಿಸಿದರು. ಮೊದಮೊದಲು ನಕ್ಕ ಜನ ಆಮೇಲೆ ತಾವೇ ಗಾಡಿ ಎತ್ತುಗಳನ್ನು ಪಕ್ಕಕ್ಕೆ ಎಳೆದರು.

ರಿವರ್ಸ್ ಓಡಿಸುವಾಗ ಹಿಂದಕ್ಕೆ ತಿರುಗಿಯೇ ನೋಡಬೇಕಲ್ಲ... ಹಾಗಾಗಿ ದಾರಿಯುದ್ದಕ್ಕೂ ಅವರ ಮುಖ ನನ್ನ ಎದುರಿಗೇ ಇತ್ತು. ಕಣ್ಣು ಹಿಂದಿನ ಗಾಜಿನಾಚೆಯ ರಸ್ತೆಯ ಮೇಲೆ, ಮಾತು ನನ್ನ ಜೊತೆ. "ಉಸಿರು ಬಿಡು. ಇನ್ನೊಂದು ಸಲ. ನನ್ನ ನೋಡು." ಸಾಯುತ್ತೇನೆ ಎಂದುಕೊಂಡಿದ್ದವಳು ಆ ಮುಖ ನೋಡುತ್ತ ಉಸಿರಾಡಿದೆ. ಸಂಜೆಯೊಳಗೆ ಆಸ್ಪತ್ರೆಯಲ್ಲಿ ನನ್ನ ಮಗಳು ಅತ್ತಳು.

ಬಾಣಂತನ ಮುಗಿಸಿ ಮಗುವನ್ನು ತೋರಿಸಲು ಹೋದಾಗ ಕಾರು ಇನ್ನೂ ಕಲ್ಲುಗಳ ಮೇಲೆ ಕೂತಿತ್ತು. ಡಾಕ್ಟ್ರಮ್ಮ ಹಳ್ಳಿಗಳಿಗೆ ಬಸ್ಸಿನಲ್ಲಿ ಓಡಾಡುತ್ತಿದ್ದರು. ನಮ್ಮಿಂದ ಹೀಗಾಯಿತಲ್ಲ ಎಂದು ನಾನು ಅತ್ತುಬಿಟ್ಟೆ. ಮಗುವಿನ ಎದೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟವರು ತಲೆ ಕೂಡ ಎತ್ತಲಿಲ್ಲ. "ಗೇರ್‌ಬಾಕ್ಸು ಇನ್ನೊಂದು ಸಿಗುತ್ತೆ ಕಣಮ್ಮ" ಎಂದರು. ಮುಂದೆ ನಾಗಮಂಗಲದ ಹತ್ತಿರ ಮರಕ್ಕೆ ಗುದ್ದಿ ಜಖಂ ಆಗಿದ್ದ ಕಾರೊಂದರದು ಸಿಕ್ಕಿತು. ಈಗ ಇರುವುದು ಅದೇ.

ನಾನು ಹೇಳಿ ಮುಗಿಸಿದಾಗ ಮೆಕ್ಯಾನಿಕ್ಕು ಸ್ಪ್ಯಾನರು ಕೆಳಗಿಟ್ಟ. ಹುಡುಗ ಬಾನೆಟ್ಟಿನ ಮೇಲೆ ಕೈಯಿಟ್ಟ. "ಇದೇ ಇರಲಿ. ಗೇರ್‌ಬಾಕ್ಸು ಮೂಲದ್ದಲ್ಲ ಅಂತಲೇ ಹೇಳ್ತೀನಿ. ಸ್ಪರ್ಧೆಗೆ ಸೇರಿಸ್ಕೊಳ್ಳದಿದ್ರೆ ಸುಮ್ಮನೆ ನೋಡೋರಿಗೆ ಅಂತ ನಿಲ್ಲಿಸ್ತೀನಿ" ಎಂದ.

ಹಾಗೇ ಆಯಿತು. ಮೈಸೂರಿನ ಪ್ರದರ್ಶನದಲ್ಲಿ ಬಹುಮಾನದ ಸಾಲಿನಾಚೆ, ಒಂದು ಮೂಲೆಯಲ್ಲಿ ಜಾಗ ಕೊಟ್ಟರು. ಮಗಳ ಜೊತೆ ನಾನೂ ಹೋಗಿದ್ದೆ. ಡಾಕ್ಟ್ರಮ್ಮ ಇದ್ದಿದ್ದರೆ ಬಿಸಿಲಿನಲ್ಲಿ ಯಾಕೆ ನಿಂತಿದ್ದೀರಿ ಎಂದು ಇಬ್ಬರನ್ನೂ ಗದರುತ್ತಿದ್ದರು... ಗದರುವವರು ಇಲ್ಲ. ಮೊಮ್ಮಗುವನ್ನು ಎತ್ತಿಕೊಂಡ ಒಬ್ಬ ಹೆಂಗಸು ಹತ್ತಿರ ಬಂದು, "ಯಾರ ಕಾರು ಇದು?" ಎಂದಳು.

"ನಮ್ಮ ಡಾಕ್ಟ್ರಮ್ಮಂದು."

"ಯಾವ ಡಾಕ್ಟ್ರಮ್ಮ?"

ಕೆ.ಆರ್. ಪೇಟೆಯಲ್ಲಿ ಆ ಕಾಲಕ್ಕೆ ಯಾರೂ ಕೇಳದಿದ್ದ ಪ್ರಶ್ನೆ. ಆಕೆಯನ್ನು ನೆರಳಿಗೆ ಕರೆದು ಕೂರಿಸಿಕೊಂಡು, ಮೊದಲಿನಿಂದ ಹೇಳತೊಡಗಿದೆ.