ಅಳೆಯದೆ ಹಾಕಿದ ಸಹಿ

ಕಳೆದ ಮಂಗಳವಾರ ಊಟದ ಹೊತ್ತಿಗೆ ಕೀತ್ ನನ್ನ ಬೆಂಚಿನ ಮೇಲೆ ಒಂದು ಲಕೋಟೆ ಇಟ್ಟ. "ಸ್ವಲ್ಪ ನೋಡು ಬ್ಯಾಝ್," ಅಂದ. ನಾನು ಕೈ ಹಿಂದಕ್ಕೆಳೆದುಕೊಂಡೆ.

ಕಾಗದಪತ್ರಕ್ಕೆ ಹೆದರುವ ಮನುಷ್ಯನೇ ನಾನು? ಅಲ್ಲ. ಈ ಅಂಕಣ ಓದುವ ನಿಮಗೆ ಗೊತ್ತೇ ಇದೆ, ನಾನು ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನು. ಹುಬ್ಬಳ್ಳಿಯಲ್ಲಿ ಲೇತ್ ಮಶೀನಿನ ಮುಂದೆ ನಿಂತು ಕೆಲಸ ಕಲಿತವನು. ಅಣ್ಣ ಅರ್ಜಿ ಹಾಕಿ ಅಮೆರಿಕಕ್ಕೆ ಕರೆಸಿಕೊಂಡ ಮೇಲೆ ನನ್ನ, ಹೆಂಡತಿಯ, ಎಲ್ಲ ಫಾರ್ಮುಗಳನ್ನೂ ಲಾಯರ್ ಇಲ್ಲದೆ ನಾನೇ ತುಂಬಿದೆ. ಒಂದೂ ವಾಪಸ್ ಬರಲಿಲ್ಲ. ಆಮೇಲೆ ಟೊರೆನ್ಸಿನಿಂದ ವೆಸ್ಟ್ ಕೊವಿನಾವರೆಗೆ ಇಲ್ಲಿನ ಊರೂರುಗಳಿಂದ ನಮ್ಮ ಜನ ವೀಸಾ ಕಾಗದ ಹಿಡಿದು ನನ್ನ ಮನೆಗೆ ಬರತೊಡಗಿದರು. ಎಂ.ಎಸ್. ಓದುವವರೂ ಬರುತ್ತಿದ್ದರು. (ಜಂಬ ಇತ್ತು, ಸುಳ್ಳೇಕೆ ಹೇಳಲಿ?)

ಆದರೆ ಕೀತ್‌ನ ಲಕೋಟೆ ಬೇರೆ.

ಕೀತ್ ಇಂಗ್ಲೆಂಡಿನ ಪ್ರೆಸ್ಟನ್ ಎಂಬ ಊರಿನವನು. ಮೂವತ್ತನಾಲ್ಕು ವರ್ಷದ ಹಿಂದೆ ಬಂದವನು. ಟೊರೆನ್ಸಿನಲ್ಲಿ ವಿಮಾನದ ಬಿಡಿಭಾಗ ಮಾಡುವ ನಮ್ಮ ಸಣ್ಣ ಶಾಪಿನಲ್ಲಿ ಅವನ ಲೇತ್, ನನ್ನ ಲೇತ್ ಅಕ್ಕಪಕ್ಕ. ಬಸವರಾಜ ಅನ್ನಲು ಬಾಯಿ ತಿರುಗದೆ ಮೊದಲ ದಿನವೇ ನನ್ನನ್ನು ಬ್ಯಾಝ್ ಮಾಡಿದ. ಅವನ ಹೆಂಡತಿ ಎಂದೋ ಬಿಟ್ಟುಹೋಗಿದ್ದಾಳೆ. ಮಕ್ಕಳಿಲ್ಲ.

ಇವನನ್ನು ನೋಡಿ ನಾನು ಎಷ್ಟು ಸಲ ಹೊಟ್ಟೆಕಿಚ್ಚು ಪಟ್ಟಿಲ್ಲ! ಇಂಗ್ಲಿಷರು ಇಂಗ್ಲಿಷ್ ಮಾತಾಡುವ ದೇಶಕ್ಕೆ ಹೋಗುವುದು ಯಾವ ಸೀಮೆಯ ವಲಸೆ? ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಹೋದ ಹಾಗಲ್ಲವೇ? ಅವನೂ ಹಾಗೇ ತಿಳಿದಿದ್ದ. ವಲಸಿಗರ ಸುದ್ದಿ ಟಿವಿಯಲ್ಲಿ ಬಂದರೆ "ನಿಮ್ಮವರ ಗೋಳು ಬಂತು ನೋಡು" ಎಂದು ನನ್ನನ್ನು ರೇಗಿಸುತ್ತಿದ್ದ. ಅವನ ಗ್ರೀನ್ ಕಾರ್ಡ್ ಇದ್ದದ್ದು ಟೂಲ್ ಬಾಕ್ಸಿನ ಡ್ರಾಯರಿನಲ್ಲಿ, ಡ್ರಿಲ್ ಬಿಟ್ಟುಗಳ ಕೆಳಗೆ. ನಾವಾದರೆ ಅದನ್ನು ಬ್ಯಾಂಕ್ ಲಾಕರಿನಲ್ಲಿಟ್ಟು ಅದಕ್ಕೊಂದು ಜೆರಾಕ್ಸ್, ಜೆರಾಕ್ಸಿಗೊಂದು ಜೆರಾಕ್ಸ್ ಇಡುವ ಜನ.

2021ರ ಆರಂಭದಲ್ಲಿ ಒಂದು ದಿನ ಆ ಕಾರ್ಡ್ ನನ್ನ ಕಣ್ಣಿಗೆ ಬಿತ್ತು. ಅವಧಿ ಮುಗಿದು ತಿಂಗಳುಗಳಾಗಿದ್ದವು. ಅವನ ಪಕ್ಕದಲ್ಲಿ ಕೂತು ಹೊಸದಕ್ಕೆ ಅಪ್ಲೈ ಮಾಡಿಸಿದೆ. ಅರ್ಜಿ ತಲುಪಿದೆ ಎಂದು ಸರಕಾರದಿಂದ ಒಂದು ಪತ್ರ ಬಂತು. ಅದೇ ವಾರ ಪ್ರೆಸ್ಟನ್ನಿನಿಂದ ಫೋನೂ ಬಂತು. ಅಕ್ಕ ಡೊರೀನ್‌ಗೆ ಕ್ಯಾನ್ಸರ್. ಹೆಚ್ಚೆಂದರೆ ಎರಡು ತಿಂಗಳು.

ಕೀತ್ ಹನ್ನೊಂದು ವರ್ಷದವನಿದ್ದಾಗ ತಾಯಿ ತೀರಿಕೊಂಡಿದ್ದಳು. ಅವನನ್ನು ಸಾಕಿದವಳು ಡೊರೀನ್. ಮೂವತ್ತು ವರ್ಷ, ಪ್ರತಿ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಅವಳ ಫೋನು. ಭೂಕಂಪವಾದರೂ ತಪ್ಪಿದ್ದಿಲ್ಲ.

ಕೋವಿಡ್ ಕಾಲ ಅದು. ಆದರೂ ಬ್ರಿಟಿಷ್ ಪಾಸ್‌ಪೋರ್ಟಿನವರನ್ನು ಅವರ ಊರಿಗೆ ಬಿಡುತ್ತಿದ್ದರು. ಹತ್ತು ದಿನ ಮನೆಯಲ್ಲೇ ಕೂರಬೇಕು, ಅಷ್ಟೇ. ಹೋಗುವುದು ಸಮಸ್ಯೆಯಲ್ಲ. ಅವಧಿ ಮುಗಿದ ಕಾರ್ಡ್ ಹಿಡಿದು ವಾಪಸ್ ಬರುವುದು? ಕೆಲಸ, ಮನೆ, ಮೂವತ್ತು ವರ್ಷದ ಬದುಕು ಎಲ್ಲ ಇಲ್ಲಿದೆ.

ಕೀತ್ ಆ ಸರಕಾರಿ ಪತ್ರ ತಂದು ನನ್ನ ಬೆಂಚಿನ ಮೇಲಿಟ್ಟ. "ನಿಮ್ಮವರಿಗೆ ಇದೆಲ್ಲ ಗೊತ್ತಿರುತ್ತೆ. ಹೋಗಬಹುದಾ ನಾನು?"

ಇಲ್ಲಿ ನಮ್ಮ ಶಾಪಿನ ಒಂದು ಪದ್ಧತಿ ಹೇಳಬೇಕು. ಯಾವ ಆರ್ಡರೇ ಇರಲಿ, ಮಶೀನಿನಿಂದ ಬಂದ ಮೊದಲ ಪೀಸನ್ನು ಮಾಡಿದವನೇ ಪಾಸು ಮಾಡುವಂತಿಲ್ಲ. ಇನ್ನೊಬ್ಬ ಮೈಕ್ರೋಮೀಟರಿನಲ್ಲಿ ಅಳೆದು ಸಹಿ ಹಾಕಬೇಕು. ಆಮೇಲೇ ಉಳಿದ ಪೀಸುಗಳು. ಹದಿನೈದು ವರ್ಷ ಕೀತ್‌ನ ಮೊದಲ ಪೀಸಿಗೆ ನನ್ನ ಸಹಿ, ನನ್ನದಕ್ಕೆ ಅವನದು. ಅಳೆಯದೆ ಒಂದಕ್ಕೂ ನಾನು ಸಹಿ ಹಾಕಿದವನಲ್ಲ.

ಪತ್ರ ಕೈಗೆತ್ತಿಕೊಂಡೆ. ಮೇಲಿನ ಸಾಲು ಓದಿದೆ. ಹೆಸರು ಸರಿ, ನಂಬರ್ ಸರಿ. ಕೆಳಗೆ ಒತ್ತೊತ್ತಾದ ಪ್ಯಾರಾಗಳು. ಎರಡನೆಯದರ ಮೊದಲ ವಾಕ್ಯವೇ ಮೂರು ಸಾಲು ಹರಿದಿತ್ತು. ಎರಡು ಸಲ ಓದಿದೆ, ತಲೆಗೆ ಹೋಗಲಿಲ್ಲ. ಪಕ್ಕದಲ್ಲಿ ಅವನು ಕಾಯುತ್ತ ನಿಂತಿದ್ದ. ಇಂಗ್ಲೆಂಡಿನವನ ಎದುರು ಇಂಗ್ಲಿಷ್ ಅರ್ಥವಾಗಲಿಲ್ಲ ಅನ್ನುವುದೇ? ಬಾಯಿ ಬರಲಿಲ್ಲ.

ಇಷ್ಟು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದದ್ದನ್ನೇ ಹೇಳಿದೆ. "ಕೈಯಲ್ಲಿ ಕಾರ್ಡ್ ಇಲ್ಲದೆ ವಿಮಾನ ಹತ್ತಬೇಡ. ಕಾರ್ಡ್ ಬರಲಿ." ಅವನು ನಕ್ಕು, "ಹಾಗಾದರೆ ಸಹಿ ಹಾಕು" ಅಂದ. ಲಕೋಟೆಯ ಮೂಲೆಯಲ್ಲಿ, ಪೀಸಿನ ಚೀಟಿಗೆ ಹಾಕುವ ಹಾಗೆ, ತಾರೀಕು ಬರೆದು ಸಹಿ ಹಾಕಿಕೊಟ್ಟೆ. ಪತ್ರದ ಜೆರಾಕ್ಸ್ ಒಂದನ್ನು ನನ್ನ ಫೈಲಿಗೆ ಸೇರಿಸಿದೆ.

ಸಂಜೆ ಮನೆಯಲ್ಲಿ ಹೆಂಡತಿ ಕೇಳಿದಳು. "ಪೂರಾ ಓದೀರೇನ್ರೀ ಅದನ್ನ?"

"ಓದೇನಿ. ನನಗ ಹೇಳಾಕ ಬರಬ್ಯಾಡ."

ಆಮೇಲೆ ಪ್ರತಿ ಭಾನುವಾರ ಡೊರೀನ್ ಕೇಳುತ್ತಿದ್ದಳಂತೆ, ಯಾವಾಗ ಬರ್ತೀಯಾ ಎಂದು. ಕಾರ್ಡ್ ಬಂದ ತಕ್ಷಣ ಅನ್ನುತ್ತಿದ್ದ ಇವನು. ಅವಳು ಇವನಿಗೆಂದು ಮಹಡಿಯ ಕೋಣೆಯ ಮಂಚಕ್ಕೆ ಹೊಸ ಹಾಸು ಹಾಕಿಸಿದ್ದಳು. ಪ್ರತಿ ಸೋಮವಾರ ಅವನು ನನ್ನ ಮುಖ ನೋಡುತ್ತಿದ್ದ. "ಇನ್ನೂ ಬಂದಿಲ್ಲ, ಬ್ಯಾಝ್." "ತಾಳ್ಮೆ ಇರಲಿ," ಅನ್ನುತ್ತಿದ್ದೆ.

ಏಳನೇ ಭಾನುವಾರ ಫೋನ್ ಮಾಡಿದ್ದು ಅವಳಲ್ಲ, ಪಕ್ಕದ ಮನೆಯವರು.

ಅಂತ್ಯಕ್ರಿಯೆಯನ್ನು ಇಂಟರ್‌ನೆಟ್‌ನಲ್ಲಿ ತೋರಿಸಿದರು. ಅಲ್ಲಿ ಮಧ್ಯಾಹ್ನ ಎರಡು, ನಮಗೆ ಬೆಳಿಗ್ಗೆ ಆರು. ಮನೆಯಲ್ಲಿ ಒಬ್ಬನೇ ನೋಡಲಾರೆ ಎಂದು ಕೀತ್ ಶಾಪಿಗೆ ಬಂದ. ಕೆಲಸದ ಅಂಗಿಯ ಮೇಲೆ ಕಪ್ಪು ಟೈ. ನನ್ನ ಬೆಂಚಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಇಬ್ಬರೂ ಸ್ಟೂಲಿನ ಮೇಲೆ ಕೂತೆವು. ದೂರ ದೂರ ಹಾಕಿದ ಕುರ್ಚಿಗಳು, ಮಾಸ್ಕ್ ಹಾಕಿದ ಹತ್ತು ಹನ್ನೆರಡು ಜನ. "ಬರಲಾಗದ ತಮ್ಮ ಕೀತ್" ಎಂದು ಪಾದ್ರಿ ಹೆಸರು ಹೇಳಿದಾಗ ಇವನು ಶಾಲೆಯಲ್ಲಿ ಹಾಜರಿ ಕೂಗಿದಂತೆ ನೆಟ್ಟಗೆ ಕೂತ. ಪರದೆ ಸರಿದು ಶವಪೆಟ್ಟಿಗೆಯನ್ನು ಮರೆಮಾಡಿತು. ಅವರಿಗೆ ಕೊಟ್ಟ ಸಮಯ ಮುಗಿದಿತ್ತೇನೋ, ಚಿತ್ರ ಕಪ್ಪಾಯಿತು.

"ಅಷ್ಟೇನಾ?" ಅಂದ.

ಟೈ ಬಿಚ್ಚಿ, ಮಡಚಿ, ಟೂಲ್ ಬಾಕ್ಸಿನ ಡ್ರಾಯರಿನಲ್ಲಿಟ್ಟ. ಏಳಕ್ಕೆ ಮಶೀನ್ ಶುರು ಮಾಡಿದ.

ಮೇ ತಿಂಗಳಲ್ಲಿ ನನ್ನ ಮಗಳು ಕಾಲೇಜಿನ ಫಾರ್ಮಿಗಾಗಿ ನನ್ನ ಫೈಲ್ ತಿರುವುತ್ತಿದ್ದಳು. ಕೀತ್‌ನ ಪತ್ರದ ಜೆರಾಕ್ಸ್ ಸಿಕ್ಕಿತು. ಅರ್ಧ ನಿಮಿಷ ಓದಿದಳು. (ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.)

"ಅಪ್ಪಾ, ಹೀ ಕುಡ್ ಹ್ಯಾವ್ ಗಾನ್."

ಎರಡನೇ ಪ್ಯಾರಾ. ಹಳೆಯ ಕಾರ್ಡಿನ ಜೊತೆ ಈ ಪತ್ರವನ್ನು ತೋರಿಸಿದರೆ ಒಂದು ವರ್ಷ ಕಾರ್ಡ್ ಚಾಲ್ತಿಯಲ್ಲಿದ್ದಂತೆಯೇ ಲೆಕ್ಕ. ಹೋಗಬಹುದು. ಬರಬಹುದು.

ಅದನ್ನು ಕೀತ್‌ಗೆ ಹೇಳಿದೆನೇ? ಇಲ್ಲ. ನಾಳೆ ಹೇಳೋಣ ಅಂದುಕೊಂಡೆ. ಆ ನಾಳೆಗೆ ನಾಲ್ಕು ವರ್ಷ ಹಿಡಿಯಿತು.

ಮತ್ತೆ ಮಂಗಳವಾರದ ಲಕೋಟೆಗೆ ಬರೋಣ. ಕೀತ್ ಅಮೆರಿಕದ ಸಿಟಿಜನ್ ಆಗಲು ಅರ್ಜಿ ಹಾಕಿದ್ದಾನೆ. ಇಂಟರ್‌ವ್ಯೂಗೆ ಕರೆದ ಪತ್ರವಂತೆ ಅದು. "ಅಲ್ಲಿ ಇನ್ನು ಯಾರಿದ್ದಾರೆ ನನಗೆ?" ಅಂದ. "ಸಾಯೋದು ಇಲ್ಲೇ ತಾನೇ. ಇಲ್ಲಿಯವನಾಗೇ ಸಾಯ್ತೀನಿ. ನೋಡಿ ಸಹಿ ಹಾಕು."

ನನ್ನ ಕೈ ಹಿಂದೆ ಸರಿದದ್ದು ಅದಕ್ಕೆ.

"ಕೀತ್, ಆವತ್ತಿನ ಪತ್ರ," ಅಂದೆ. "ನಾನು ಅದನ್ನ ಪೂರ್ತಿ ಓದಿರಲಿಲ್ಲ. ಓದಿದ್ದಷ್ಟೂ ಅರ್ಥ ಆಗಿರಲಿಲ್ಲ. ಹಳೇ ಕಾರ್ಡ್ ಜೊತೆ ಆ ಪತ್ರ ಇದ್ದರೆ ಸಾಕಿತ್ತು. ನೀನು ಹೋಗಿ ಬರಬಹುದಿತ್ತು."

ಕೈಯಲ್ಲಿದ್ದ ಸ್ಯಾಂಡ್‌ವಿಚ್ ಕೆಳಗಿಟ್ಟ. "ಯಾವಾಗ ಗೊತ್ತಾಯ್ತು ನಿನಗೆ?"

"ಅದೇ ವರ್ಷ. ಮೇನಲ್ಲಿ."

ಸ್ಯಾಂಡ್‌ವಿಚ್ಚನ್ನು ಮತ್ತೆ ಕಾಗದದಲ್ಲಿ ಸುತ್ತಿಟ್ಟ.

"ಇಂಗ್ಲಿಷಲ್ಲೇ ಇತ್ತಲ್ಲ ಅದು," ಅಂದ. "ನಾನೇ ಓದಬಹುದಿತ್ತು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಕೊರಳಪಟ್ಟಿ ಹಿಡಿದಿದ್ದರೂ ಸರಿಯಿತ್ತು. ತನ್ನದೇ ಭಾಷೆಯ ಪತ್ರವನ್ನು ಅವನು ಓದಲಿಲ್ಲ, ಪರದೇಶದವನು ಎಂದು ತನ್ನನ್ನು ಒಂದು ದಿನವೂ ಅಂದುಕೊಂಡಿರಲಿಲ್ಲ, ಅದಕ್ಕೆ. ನಾನು ಓದಲಿಲ್ಲ, ಗೊತ್ತಿಲ್ಲ ಅನ್ನಲು ನಾಲಿಗೆ ಏಳಲಿಲ್ಲ, ಅದಕ್ಕೆ. ನಡುವೆ ಒಬ್ಬ ಹೆಂಗಸು ಹೊಸ ಹಾಸು ಹಾಕಿಸಿ ಕಾದಳು.

ಲಕೋಟೆ ಎತ್ತಿಕೊಂಡು ತನ್ನ ಮಶೀನಿಗೆ ಹೋದ.

ಬುಧವಾರ ಬೆಳಿಗ್ಗೆ ಹೊಸ ಆರ್ಡರ್ ಶುರುವಾಯಿತು. ಮೊದಲ ಪೀಸು ತೆಗೆದು, ಒರೆಸಿ, ಅಂಗೈಯಲ್ಲಿಟ್ಟುಕೊಂಡು ಕೀತ್ ಬಂದ. ನಾನು ಮೈಕ್ರೋಮೀಟರ್ ಕೈಗೆ ತೆಗೆದುಕೊಂಡೆ. ಅವನು ನನ್ನ ಬೆಂಚು ದಾಟಿ ಆಚೆ ತುದಿಯ ಮಶೀನಿನ ಲೂಯಿಸ್ ಹತ್ತಿರ ಹೋದ. ಲೂಯಿಸ್ ಒಮ್ಮೆ ನನ್ನ ಕಡೆ ನೋಡಿ, ಅಳೆದು, ಸಹಿ ಹಾಕಿದ. ಗುರುವಾರವೂ ಹಾಗೇ. ಶುಕ್ರವಾರವೂ.

ಕೂದಲೆಳೆಯಷ್ಟು ಅಳತೆ ತಪ್ಪಿದ ಪೀಸನ್ನು ನಮ್ಮಲ್ಲಿ ಕೆಂಪು ಡಬ್ಬಿಗೆ ಹಾಕುತ್ತೇವೆ. ಅಳೆಯದೆ ಸಹಿ ಹಾಕಿದವನನ್ನು ಯಾವ ಡಬ್ಬಿಗೆ ಹಾಕುವುದು?