ಡೋರಿಸ್ ಅಜ್ಜಿ ತೊಳೆದ ಮೆಟ್ಟಿಲು

ತಂಗಿ ಸುಮಾ, ಇವತ್ತು ಬಾಗಿಲು ತೆಗೆದರೆ ನಮ್ಮ ಮೆಟ್ಟಿಲ ತುಂಬ ಬಣ್ಣದ ಚಾಕಿನ ಗೆರೆ. ಪಕ್ಕದ ಮನೆಗೆ ಹೊಸದಾಗಿ ಬಂದವರ ಪುಟ್ಟ ಮಗಳ ಕೆಲಸ. ತೊಳೆಯೋಣವೆಂದು ಬಕೆಟ್ಟಿನಲ್ಲಿ ಸೋಪಿನ ನೀರು ತಂದೆ ನೋಡು, ಆ ವಾಸನೆಗೆ ಅವ್ವ, ಡೋರಿಸ್ ಅಜ್ಜಿ ಇಬ್ಬರೂ ನೆನಪಾದರು.

ನೀನಿನ್ನೂ ಹುಟ್ಟಿರಲಿಲ್ಲ. ಧಾರವಾಡದಿಂದ ಇಂಗ್ಲಿಷರ ಈ ನಾಡಿಗೆ, ರೇನರ್ಸ್ ಲೇನಿನ ಈ ಮನೆಗೆ ಬಂದ ಹೊಸತು. ಬೀದಿಯುದ್ದಕ್ಕೂ ಒಂದೇ ಅಚ್ಚಿನ ಮನೆಗಳು, ಒಂದೇ ಎತ್ತರಕ್ಕೆ ಕತ್ತರಿಸಿದ ಗಿಡದ ಬೇಲಿಗಳು. ಅವ್ವ ದಿನಾ ಬೆಳಗ್ಗೆ ಮೆಟ್ಟಿಲ ಮೇಲೆ ಅಕ್ಕಿಹಿಟ್ಟಿನ ರಂಗೋಲಿ ಹಾಕುವಳು. ನಾವು ಶಾಲೆಗೆ ಹೊರಡುವಷ್ಟರಲ್ಲಿ ಪಕ್ಕದ ಮನೆಯ ಡೋರಿಸ್ ಅಜ್ಜಿ ಮೊಣಕಾಲೂರಿ ಅದನ್ನು ಸೋಪು ಹಾಕಿ ತಿಕ್ಕಿ ತೊಳೆದಿರುತ್ತಿದ್ದಳು.

"ನಾವಿಲ್ಲಿ ಇರೂದು ಆಕಿಗೆ ಬ್ಯಾಡಾಗೇತ್ರಿ. ಬ್ಯಾರೆ ಕಡೆ ಮನಿ ನೋಡ್ರಿ," ಎಂದು ಅವ್ವ ಅತ್ತಳು.

ಅಪ್ಪ ಹೋಗಿ ವಿಚಾರಿಸಿ, ನಗುತ್ತ ಬಂದರು. "ಹುಡುಗರು ಹಿಟ್ಟು ಚೆಲ್ಲ್ಯಾವ ಅಂತ ತಿಳದಾಳ. ನಿನಗ ಪುರಸತ್ತಿಲ್ಲಂತ ತನ್ನ ಮೆಟ್ಟಿಲ ಜೋಡಿ ನಮ್ಮದೂ ತೊಳಿತಾಳಂತ!"

ಮರುದಿನದಿಂದ ಅಜ್ಜಿ ಮೊದಲು ತೊಳೆಯುವಳು, ಆಮೇಲೆ ಅವ್ವ ರಂಗೋಲಿ ಹಾಕುವಳು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯುತ್ತಿರಲಿಲ್ಲ, ಆದರೂ ಎಷ್ಟೋ ವರ್ಷ ಹಾಗೇ ನಡೆಯಿತು.

ಬಕೆಟ್ ಒಳಗಿಟ್ಟೆ ಸುಮಾ. ಹಾಲು ತರಲು ಹೊರಟಾಗ ಗೋಡೆ ಹಿಡಿದು, ಈ ವಯಸ್ಸಿನಲ್ಲಿ ಉದ್ದ ಹೆಜ್ಜೆ ಹಾಕಿ, ಒಂದು ಗೆರೆಯನ್ನೂ ತುಳಿಯದೆ ದಾಟಿದೆ.